ಪಣಶಬ್ದದ ಎರಡರ್ಥಗಳೂ ಗೂಢಲಿಪಿಯ ನಾಣ್ಯವೂ

ಕನ್ನಡದ 'ಹಣ' ಶಬ್ದವು ಸಂಸ್ಕೃತದ 'ಪಣ'ದಿಂದ ಬಂದುದೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ. ಪಾಲು ಹಾಲಾದಂತೆ ಪಣವು ಹಣವಾಯಿತು. ಆದರೆ ಮೂಲದಲ್ಲಿ ಆ ಶಬ್ದಕ್ಕೆ ಎರಡರ್ಥಗಳಿದ್ದುವು. ಟಂಕಿಸಿದ ನಾಣ್ಯವೂ ಪಣವೇ, ಜೂಜಿನಲ್ಲಿ ಒಡ್ಡಿದ ಒತ್ತೆಯೂ ಪಣವೇ. ಕನ್ನಡವು ಇವೆರಡನ್ನೂ ವಿಚಿತ್ರವಾದ ರೀತಿಯಲ್ಲಿ ಹಂಚಿಟ್ಟಿದೆ. ತದ್ಭವವಾದ 'ಹಣ'ಕ್ಕೆ ನಾಣ್ಯದ ಅರ್ಥವನ್ನು ಕೊಟ್ಟು, ತತ್ಸಮವಾದ 'ಪಣ'ವನ್ನು ಒತ್ತೆಯ ಅರ್ಥಕ್ಕೆ ಉಳಿಸಿಕೊಂಡಿದೆ. 'ಹಣ ಕೊಟ್ಟನು' ಎಂಬುದಕ್ಕೂ 'ಪಣಕ್ಕಿಟ್ಟನು' ಎಂಬುದಕ್ಕೂ ಇಂದು ನಮ್ಮ ಕಿವಿಗೆ ತೋರುವ ದೂರವು ಮೂಲಭಾಷೆಯಲ್ಲಿ ಇರಲಿಲ್ಲ. ಪಾಣಿನಿಯು ವಿಭಕ್ತಿಪ್ರಕರಣದಲ್ಲಿ 'ವ್ಯವಹೃ', 'ಪಣ್' ಎಂಬೆರಡು ಧಾತುಗಳು ಸಮಾನಾರ್ಥಕಗಳಾದಾಗ ಅವುಗಳ ಕರ್ಮಕ್ಕೆ ಷಷ್ಠಿಯನ್ನು ವಿಧಿಸುತ್ತಾನೆ. ಅವು ಎಲ್ಲಿ ಸಮಾನಾರ್ಥಕಗಳೆಂದರೆ, ದ್ಯೂತದಲ್ಲಿ ಮತ್ತು ಕ್ರಯವಿಕ್ರಯದಲ್ಲಿ ಎಂದು ವೃತ್ತಿಕಾರರು ಉತ್ತರ ಕೊಡುತ್ತಾರೆ. ವ್ಯಾಪಾರಕ್ಕೂ ಜೂಜಿಗೂ ಒಂದೇ ಧಾತು ಸಲ್ಲುತ್ತದೆಂಬುದನ್ನು ವೈಯಾಕರಣರು ಹೀಗೆ ನಿರ್ವಿಕಾರಚಿತ್ತದಿಂದ ಗುರುತಿಸಿಟ್ಟಿದ್ದಾರೆ.

ಈ ಎರಡರ್ಥಗಳ ಜಗಳವು ೨೦೦೯ರಿಂದೀಚೆಗೆ ಮತ್ತೆ ತಲೆಯೆತ್ತಿದೆ. ಆ ವರ್ಷದ ಜನವರಿ ೩ರಂದು ಬಿಟ್‌ಕಾಯಿನ್ ಎಂಬ ನಾಣ್ಯವು ಹುಟ್ಟಿತು. ಯಾವ ರಾಜನ ಮುದ್ರೆಯೂ ಇಲ್ಲದ, ಲೋಹವೂ ಕಾಗದವೂ ಅಲ್ಲದ ಈ ವಸ್ತುವನ್ನು ಹಣವೆನ್ನಬೇಕೋ ಪಣವೆನ್ನಬೇಕೋ ಎಂಬುದೇ ಅಂದಿನಿಂದ ನಾನಾ ದೇಶಗಳ ಧರ್ಮಾಧಿಕರಣಗಳ ಮುಂದಿರುವ ಪ್ರಶ್ನೆಯಾಗಿದೆ. ವಿನೋದಕ್ಕಾಗಿ ಇದರಲ್ಲಿ ತೊಡಗಿದ ಹವ್ಯಾಸಿಯೊಬ್ಬನ ಮಟ್ಟಿಗೆ ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಅವನು ಗೃಹಸ್ಥನೋ ಜೂಜುಗಾರನೋ ತಸ್ಕರನೋ ಎಂಬುದು ಈ ನಿರ್ಣಯವನ್ನೇ ಅವಲಂಬಿಸಿದೆ.

ಮೊದಲು ಹೆಸರಿನ ವಿಚಾರ. ಇಂಥ ನಾಣ್ಯಗಳ ಜಾತಿಗೆ 'ಕ್ರಿಪ್ಟೋ ಕರೆನ್ಸಿ' ಎಂದು ಹೆಸರು. ಇದನ್ನು 'ಗುಪ್ತನಾಣ್ಯ'ವೆಂದು ಕನ್ನಡಿಸಿದರೆ ಅರ್ಥವು ತಲೆಕೆಳಗಾಗುತ್ತದೆ. ಈ ನಾಣ್ಯದ ಲೆಕ್ಕದ ಪುಸ್ತಕವು ಗುಪ್ತವಲ್ಲ, ಲೋಕದ ಯಾರು ಬೇಕಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬಹುದು. ಮರೆಯಾಗಿರುವುದು ಖಾತೆದಾರನ ಹೆಸರು ಮಾತ್ರ. ಹೆಸರಿಗೆ ಬದಲಾಗಿ ಅಲ್ಲಿ ಅಕ್ಷರಾಂಕಗಳ ಒಂದು ಮಾಲೆಯಿರುತ್ತದೆ. ಆ ಮಾಲೆಗೆ ಹೊಂದುವ ರಹಸ್ಯಸಂಖ್ಯೆ ಯಾರ ಬಳಿ ಇದೆಯೋ ಅವನೇ ಧನಿಕ. 'ಗೂಢ'ವೆಂಬ ವಿಶೇಷಣವು ಲಿಪಿಶಾಸ್ತ್ರಕ್ಕೆ ಸೇರಿದುದು, ನಾಣ್ಯಕ್ಕಲ್ಲ. ಆದುದರಿಂದ 'ಗೂಢಲಿಪಿಯ ನಾಣ್ಯ'ವೆಂಬುದೇ ಮೇಲು. 'ಕೂಟನಾಣ್ಯ'ವೆಂದು ಬರೆಯುವುದಂತೂ ಸರ್ವಥಾ ಕೂಡದು. ಕೂಟರೂಪವೆಂದರೆ ಶಾಸ್ತ್ರದಲ್ಲಿ ಖೋಟಾ ನಾಣ್ಯ.

ಈ ಹೊಸ ನಾಣ್ಯದಲ್ಲಿ ಹೊಸದೇನೆಂಬುದು ತಿಳಿಯಬೇಕಾದರೆ ಹಳೆಯ ನಾಣ್ಯದಲ್ಲಿ ಏನಿತ್ತೆಂಬುದನ್ನು ನೋಡಬೇಕು. ಅದಕ್ಕೆ ಕೌಟಿಲ್ಯನಿಗಿಂತ ಒಳ್ಳೆಯ ಆಧಾರವಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಹನ್ನೆರಡನೆಯ ಅಧ್ಯಾಯವು ಗಣಿಗಳಿಗೆ ಸಂಬಂಧಿಸಿದುದು. ಆಕರಾಧ್ಯಕ್ಷನಿಂದ ಆರಂಭವಾಗುವ ಈ ಅಧ್ಯಾಯದಲ್ಲಿಯೇ, ಗಣಿಯಿಂದ ಲೋಹ, ಲೋಹದಿಂದ ನಾಣ್ಯ ಎಂಬ ಕ್ರಮದಲ್ಲಿ, ಟಂಕಸಾಲೆಯ ಒಡೆಯನಾದ ಲಕ್ಷಣಾಧ್ಯಕ್ಷನೂ ನಾಣ್ಯಪರೀಕ್ಷಕನಾದ ರೂಪದರ್ಶಕನೂ ಬರುತ್ತಾರೆ. ಬೆಳ್ಳಿಯ ಪಣದಲ್ಲಿ ನಾಲ್ಕನೆಯ ಒಂದು ಪಾಲು ತಾಮ್ರವಿರಬೇಕು. ನಾಣ್ಯವು ಚಲಾವಣೆಗೂ ಕೋಶಕ್ಕೂ ಯೋಗ್ಯವೇ ಎಂಬುದನ್ನು ರೂಪದರ್ಶಕನು ಗೊತ್ತುಮಾಡಬೇಕು. ಟಂಕಿಸಿದುದಕ್ಕೆ ನೂರಕ್ಕೆ ೮ರಂತೆ ರೂಪಿಕ, ನೂರಕ್ಕೆ ೫ರಂತೆ ವ್ಯಾಜಿ, ಪರೀಕ್ಷಿಸಿದುದಕ್ಕೆ ನೂರಕ್ಕೆ ಎಂಟನೆಯ ಒಂದು ಭಾಗದಂತೆ ಪಾರೀಕ್ಷಿಕ, ಹೀಗೆ ಶುಲ್ಕಗಳುಂಟು. ಇಪ್ಪತ್ತೈದು ಪಣಗಳ ದಂಡವನ್ನು ಹೇಳುವಾಗ ಆಚಾರ್ಯನು ನಾಲ್ವರನ್ನು ಒಟ್ಟಿಗೆ ಹೆಸರಿಸುತ್ತಾನೆ: ಮಾಡುವವನು, ಕೊಳ್ಳುವವನು, ಮಾರುವವನು, ಪರೀಕ್ಷಿಸುವವನು. ಆ ವಾಕ್ಯದ ಅನ್ವಯದಲ್ಲಿ ವ್ಯಾಖ್ಯಾತೃಗಳಿಗೆ ಚರ್ಚೆಯುಂಟು. ಅದು ಇಲ್ಲಿ ಬೇಡ. ನಾಣ್ಯವೆಂಬುದು ಈ ನಾಲ್ವರ ಕೈಗಳ ಮೇಲೆ ನಿಂತಿದೆಯೆಂಬುದೂ, ಅವರಲ್ಲಿ ಮಾಡುವವನೂ ಪರೀಕ್ಷಿಸುವವನೂ ರಾಜನ ಅಧೀನರೆಂಬುದೂ ಪ್ರಕೃತಕ್ಕೆ ಸಾಕು. ಲೊಕ್ಕಿಗುಂಡಿಯ ಕಮ್ಮಟದ ಗದ್ಯಾಣವು ನಮ್ಮ ಶಾಸನಗಳಲ್ಲಿ ಊರ ಹೆಸರಿನಿಂದಲೇ ಪ್ರಸಿದ್ಧವಾಗಿರುವುದಕ್ಕೂ ಕಾರಣವಿಷ್ಟೆ. ಕಮ್ಮಟದ ಹೆಸರೇ ನಾಣ್ಯಕ್ಕೆ ಪ್ರಮಾಣ.

೨೦೦೮ರ ಅಕ್ಟೋಬರ್ ೩೧ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಿಂದ ಒಂಬತ್ತು ಪುಟಗಳ ಒಂದು ಲೇಖನವು ಪ್ರಕಟವಾಯಿತು. ಆ ಹೆಸರಿನ ಹಿಂದಿದ್ದವರು ಒಬ್ಬರೋ ಹಲವರೋ ತಿಳಿಯದು. ಲಕ್ಷಣಾಧ್ಯಕ್ಷನೂ ರೂಪದರ್ಶಕನೂ ಇಲ್ಲದೆ ನಾಣ್ಯವನ್ನು ನಡೆಸುವುದು ಹೇಗೆಂಬುದೇ ಅದರ ವಿಷಯ. ತೊಡಕು ಇರುವುದು ಇಲ್ಲಿ: ಲೋಹದ ನಾಣ್ಯವನ್ನು ಒಬ್ಬನಿಗೆ ಕೊಟ್ಟ ಮೇಲೆ ಅದೇ ನಾಣ್ಯವನ್ನು ಇನ್ನೊಬ್ಬನಿಗೆ ಕೊಡಲಾಗದು. ಆದರೆ ಗಣಕಯಂತ್ರದಲ್ಲಿರುವ ಅಂಕೆಗಳನ್ನು ಎಷ್ಟು ಬಾರಿ ಬೇಕಾದರೂ ನಕಲು ಮಾಡಬಹುದು. ಕೊಟ್ಟದ್ದನ್ನೇ ಮತ್ತೆ ಕೊಡದಂತೆ ತಡೆಯಬೇಕಾದರೆ ಎಲ್ಲರೂ ಒಪ್ಪುವ ಒಂದು ಲೆಕ್ಕದ ಪುಸ್ತಕವಿರಬೇಕು. ಅದನ್ನು ಕಾಯುವ ಕರಣಿಕನು ಮಾತ್ರ ಇರಕೂಡದು.

ಕಾಯುವವನಿಲ್ಲದೆ ಗ್ರಂಥವು ಕೆಡದಂತೆ ಉಳಿಯುವುದಕ್ಕೆ ಈ ದೇಶದಲ್ಲಿ ಒಂದು ಪ್ರಸಿದ್ಧವಾದ ದೃಷ್ಟಾಂತವುಂಟು. ವೇದದ ಪದಪಾಠದ ಮೇಲೆ ಕ್ರಮಪಾಠವನ್ನು ಕಟ್ಟಿದವರು ಒಂದನೆಯ ಪದವನ್ನು ಎರಡನೆಯದಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಬೆಸೆದು ಹೇಳುವಂತೆ ವಿಧಿಸಿದರು. ಜಟೆ, ಘನಗಳಲ್ಲಿ ಈ ಬೆಸುಗೆಯು ಇನ್ನೂ ಬಿಗಿ. ನಡುವೆ ಒಂದು ಪದವನ್ನು ಸೇರಿಸಿದರೆ ಅಥವಾ ಬಿಟ್ಟರೆ ಹಿಂದಿನ ಮುಂದಿನ ಕೊಂಡಿಗಳು ಕಳಚಿ ತಪ್ಪು ಬಯಲಾಗುತ್ತದೆ. ದೂರದೂರದ ಊರುಗಳಲ್ಲಿ ಅದೇ ಪಾಠವನ್ನು ಧರಿಸಿದವರು ನೂರಾರು ಮಂದಿ ಇರುವುದರಿಂದ ಒಬ್ಬನ ಸ್ಮೃತಿದೋಷವನ್ನು ಮಿಕ್ಕವರು ತಿದ್ದುತ್ತಾರೆ. ಮೂಲಪ್ರತಿಯೆಂಬುದು ಎಲ್ಲಿಯೂ ಇಲ್ಲ. ಎಲ್ಲ ಕಂಠಗಳೂ ಮೂಲವೇ. ಬಿಟ್‌ಕಾಯಿನ್ನಿನ ಲೆಕ್ಕವೂ ಹೀಗೆಯೇ ಕಟ್ಟಲ್ಪಟ್ಟಿದೆ. ಸುಮಾರು ಹತ್ತು ನಿಮಿಷಗಳಿಗೊಮ್ಮೆ ಹೊಸ ವ್ಯವಹಾರಗಳು ಒಂದು ಪುಟದಲ್ಲಿ ಸೇರುತ್ತವೆ. ಪ್ರತಿಯೊಂದು ಪುಟವೂ ತನ್ನ ಹಿಂದಿನ ಪುಟದ ಗುರುತನ್ನು ತನ್ನೊಳಗೆ ಹೊತ್ತಿರುತ್ತದೆ. ಇಡೀ ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿವೆ.

ಆ ಗುರುತು ಎಂಥದೆಂಬುದನ್ನು ಕಟಪಯಾದಿಯಿಂದ ತಿಳಿಯಬಹುದು. 'ಮೇಚಕಲ್ಯಾಣಿ'ಯ ಮೊದಲೆರಡು ಅಕ್ಷರಗಳಲ್ಲಿ ಮಕಾರಕ್ಕೆ ೫, ಚಕಾರಕ್ಕೆ ೬. ಬಲದಿಂದ ಎಡಕ್ಕೆ ಓದಿದರೆ ೬೫, ಅದೇ ಆ ಮೇಳದ ಸಂಖ್ಯೆ. ಶಬ್ದದಿಂದ ಸಂಖ್ಯೆಗೆ ಹೋಗುವ ದಾರಿ ನಿಯತವಾದುದು. ಸಂಖ್ಯೆಯಿಂದ ಶಬ್ದಕ್ಕೆ ಹಿಂದಿರುಗಲು ಹಾಗೆ ನಿಯತವಾದ ದಾರಿಯಿಲ್ಲ. 'ಮತ'ವೆಂದರೂ ೬೫, 'ಶಚಿ'ಯೆಂದರೂ ೬೫, 'ಮಷಿ'ಯೆಂದರೂ ೬೫. ಪುಟದ ಗುರುತನ್ನು ಕಟ್ಟುವ ಗಣಿತವೂ ಇಂಥ ಏಕಮುಖವಾದ ದಾರಿಯೇ, ಆದರೆ ಬಹಳ ಕಠಿನವಾದುದು. ಕಟಪಯಾದಿಯಲ್ಲಿ ಬೇಕಾದ ಸಂಖ್ಯೆಗೆ ಹೊಂದುವ ಶಬ್ದವನ್ನು ಕವಿಯು ಯೋಚಿಸಿ ಕಟ್ಟಬಲ್ಲನು. ಇಲ್ಲಿ ಅದು ಸಾಧ್ಯವಿಲ್ಲ. ಒಂದಕ್ಷರ ಬದಲಾದರೆ ಗುರುತೆಲ್ಲ ಗುರುತುಸಿಗದಂತೆ ಬದಲಾಗುತ್ತದೆ. ಗುರುತಿನ ಸಂಖ್ಯೆಯು ಗೊತ್ತುಮಾಡಿದ ಒಂದು ಮಿತಿಗಿಂತ ಚಿಕ್ಕದಾಗಿರಬೇಕೆಂದು ನಿಯಮವುಂಟು. ಅಂಥದು ದೊರೆಯಬೇಕಾದರೆ ಪುಟದ ಕೊನೆಯಲ್ಲಿ ಒಂದೊಂದೇ ಅಂಕೆಯನ್ನು ಹಾಕಿ ನೋಡುತ್ತ, ಕೋಟಿಕೋಟಿ ಬಾರಿ ಸೋತು, ಎಂದೋ ಒಮ್ಮೆ ಗೆಲ್ಲಬೇಕು. ಗೆದ್ದವನು ಹೊಸ ಪುಟವನ್ನು ಸೇರಿಸುತ್ತಾನೆ. ಅವನಿಗೆ ಹೊಸ ನಾಣ್ಯಗಳು ದೊರೆಯುತ್ತವೆ. ಈ ಶ್ರಮಕ್ಕೇ 'ಗಣಿಗಾರಿಕೆ' ಎಂದು ಹೆಸರು. ಕೌಟಿಲ್ಯನಲ್ಲಿ ಒಂದೇ ಅಧ್ಯಾಯದಲ್ಲಿ ನೆರೆಹೊರೆಯಾಗಿದ್ದ ಖನನವೂ ಟಂಕನವೂ ಇಲ್ಲಿ ಒಂದೇ ಕ್ರಿಯೆಯಾಗಿವೆ. ಸೋಲುಗೆಲವುಗಳ ಈ ಆಟದಲ್ಲಿ ದಾಳದ ಸದ್ದು ಕೇಳಿಸದೆ ಇರದು. ನಾಣ್ಯವು ಹುಟ್ಟುವಾಗಲೇ ಪಣದ ಎರಡರ್ಥಗಳೂ ಕೂಡಿಕೊಂಡಿವೆ.

ಗುರುತನ್ನು ಹುಡುಕುವುದು ಇಷ್ಟು ಕಷ್ಟವಾದರೂ, ಹುಡುಕಿದ ಮೇಲೆ ಅದು ಸರಿಯೇ ಎಂದು ಪರೀಕ್ಷಿಸುವುದು ಕ್ಷಣದ ಕೆಲಸ. ಎಲ್ಲ ಸ್ವಾರಸ್ಯವೂ ಇಲ್ಲಿದೆ. ಹಳೆಯ ಪುಟವೊಂದನ್ನು ತಿದ್ದಬೇಕೆನ್ನುವ ವಂಚಕನು ಆ ಪುಟದಿಂದೀಚೆಗಿನ ಎಲ್ಲ ಶ್ರಮವನ್ನೂ ಮತ್ತೆ ಮಾಡಬೇಕು, ಅದೂ ಮಿಕ್ಕವರೆಲ್ಲ ಕೂಡಿ ಮುಂದಕ್ಕೆ ಹೋಗುತ್ತಿರುವಾಗ ಅವರನ್ನು ಹಿಂದೆ ಹಾಕಿ. ಒಮ್ಮೊಮ್ಮೆ ಇಬ್ಬರು ಒಂದೇ ಕಾಲಕ್ಕೆ ಗೆದ್ದು ಎರಡು ಪಾಠಗಳು ಹುಟ್ಟುವುದುಂಟು. ಆಗ ಯಾವುದರ ಮೇಲೆ ಹೆಚ್ಚು ಶ್ರಮವು ಕೂಡಿಕೊಳ್ಳುವುದೋ ಅದೇ ಗ್ರಾಹ್ಯ, ಇನ್ನೊಂದು ತ್ಯಾಜ್ಯ. ಗ್ರಂಥಸಂಪಾದಕರು ಪ್ರತಿಗಳ ಸಂಖ್ಯೆಯನ್ನು ನಂಬದೆ ಪ್ರತಿಗಳ ಯೋಗ್ಯತೆಯನ್ನು ನೋಡುವಂತೆ, ಇಲ್ಲಿ ಮತಗಳ ಎಣಿಕೆಯಿಲ್ಲ, ಶ್ರಮದ ತೂಕವುಂಟು. ವೇದಪಾಠಕ್ಕೂ ಇದಕ್ಕೂ ಇರುವ ಭೇದವನ್ನೂ ಹೇಳಬೇಕು. ಅಲ್ಲಿ ಕಾಪಾಡುತ್ತಿದ್ದುದು ಶ್ರದ್ಧೆ. ಇಲ್ಲಿ ಶ್ರದ್ಧೆಯನ್ನು ಯಾರಿಂದಲೂ ನಿರೀಕ್ಷಿಸಿಲ್ಲ. ವಂಚನೆಗಿಂತ ಪ್ರಾಮಾಣಿಕತೆಯಲ್ಲಿ ಲಾಭವು ಹೆಚ್ಚಾಗುವಂತೆ ಮಾಡಿಟ್ಟಿದ್ದಾರೆ, ಅಷ್ಟೆ.

ಮೊದಲ ವರ್ಷಗಳಲ್ಲಿ ಈ ನಾಣ್ಯವನ್ನು ಮಾಡುತ್ತಿದ್ದವರೆಲ್ಲ ಹವ್ಯಾಸಿಗಳೇ. ಮೊದಲನೆಯ ಪುಟದಲ್ಲಿ ಆ ದಿನದ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಒಂದು ಶೀರ್ಷಿಕೆಯನ್ನು ಹುದುಗಿಸಿದ್ದಾರೆ. ಬ್ಯಾಂಕುಗಳನ್ನು ಸರಕಾರವು ಎರಡನೆಯ ಸಲ ಉದ್ಧರಿಸಬೇಕಾಗಿ ಬಂದುದರ ಸುದ್ದಿ ಅದು. ಮನೆಯ ಸಾಮಾನ್ಯ ಗಣಕಯಂತ್ರವನ್ನು ರಾತ್ರಿಯೆಲ್ಲ ಓಡಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪುಟವೊಂದಕ್ಕೆ ೫೦ರಂತೆ ನಾಣ್ಯಗಳು ಬರಬಹುದಾಗಿತ್ತು. ಅವುಗಳಿಂದ ಕೊಳ್ಳಬಹುದಾದ ವಸ್ತುವೇ ಇರಲಿಲ್ಲ. ೨೦೧೦ರ ಮೇ ೨೨ರಂದು ಅಮೆರಿಕದ ಫ್ಲಾರಿಡಾ ಪ್ರಾಂತದ ಹವ್ಯಾಸಿಯೊಬ್ಬನು ೧೦,೦೦೦ ಬಿಟ್‌ಕಾಯಿನ್ನುಗಳನ್ನು ಕೊಟ್ಟು ಎರಡು ಪಿಜ್ಜಾಗಳನ್ನು ತರಿಸಿಕೊಂಡನು. ಈ ಕಥೆಯನ್ನು ಅವಿವೇಕದ ಉದಾಹರಣೆಯಾಗಿ ಹೇಳುವವರೇ ಹೆಚ್ಚು. ಅದು ಸರಿಯಲ್ಲ. ಯಾರಾದರೂ ಒಬ್ಬನು ಮೊದಲು ಕೊಟ್ಟು, ಇನ್ನೊಬ್ಬನು ಮೊದಲು ತೆಗೆದುಕೊಳ್ಳದೆ ಇದ್ದಿದ್ದರೆ ಅದು ನಾಣ್ಯವೇ ಆಗುತ್ತಿರಲಿಲ್ಲ. ಪಣವು ಹಣವಾದುದು ಆ ದಿನ.

ಬೆಲೆ ಬಂದೊಡನೆ ಕರ್ತೃತ್ವವು ಹವ್ಯಾಸಿಯ ಕೈತಪ್ಪಿತು. ಚಿತ್ರಗಳನ್ನು ತೋರಿಸಲು ಇದ್ದ ಗಣಕದ ಅಂಗವು ಈ ಹುಡುಕಾಟಕ್ಕೆ ಹೆಚ್ಚು ಅನುಕೂಲವೆಂದು ಮೊದಲು ಕಂಡುಬಂದಿತು. ೨೦೧೩ರ ಹೊತ್ತಿಗೆ ಇದೊಂದೇ ಕೆಲಸಕ್ಕೆಂದು ಮಾಡಿದ ಯಂತ್ರಗಳು ಬಂದುವು. ಹುಡುಕುವವರು ಹೆಚ್ಚಾದಷ್ಟೂ, ೨,೦೧೬ ಪುಟಗಳಿಗೊಮ್ಮೆ, ಮಿತಿಯು ತಾನಾಗಿಯೇ ಬಿಗಿಯಾಗುತ್ತದೆ. ೨,೧೦,೦೦೦ ಪುಟಗಳಿಗೊಮ್ಮೆ ದೊರೆಯುವ ನಾಣ್ಯಗಳು ಅರ್ಧವಾಗುತ್ತವೆ. ೨೦೧೨ರಲ್ಲಿ ೨೫, ೨೦೧೬ರಲ್ಲಿ ೧೨.೫, ೨೦೨೦ರಲ್ಲಿ ೬.೨೫, ೨೦೨೪ರ ಏಪ್ರಿಲಿನಲ್ಲಿ ೩.೧೨೫ ಆಯಿತು. ಒಟ್ಟು ನಾಣ್ಯಗಳು ೨ ಕೋಟಿ ೧೦ ಲಕ್ಷವನ್ನು ಮೀರಲಾರವು. ವಿದ್ಯುತ್ತು ಅಗ್ಗವಾಗಿರುವೆಡೆ ಯಂತ್ರಗಳ ದೊಡ್ಡ ಕೊಟ್ಟಿಗೆಗಳನ್ನು ಕಟ್ಟಿದವರ ಮುಂದೆ ಮನೆಯ ಮೂಲೆಯ ಯಂತ್ರವು ನಿಲ್ಲಲಾರದು. ಕೌಟಿಲ್ಯನ ನಾಲ್ವರಲ್ಲಿ ಮೊದಲನೆಯವನಾಗಿದ್ದ ಹವ್ಯಾಸಿಯು ಹೀಗೆ ಎರಡನೆಯವನೂ ಮೂರನೆಯವನೂ ಆದನು, ಎಂದರೆ ಕೊಳ್ಳುವವನೂ ಮಾರುವವನೂ.

ಕ್ರಯವಿಕ್ರಯಗಳಿಗೆಂದು ವಿನಿಮಯದ ಅಂಗಡಿಗಳು ಎದ್ದುವು. ಅಲ್ಲಿ ರಹಸ್ಯಸಂಖ್ಯೆಗಳು ಕೊಂಡವನ ಬಳಿ ಇರದೆ ಅಂಗಡಿಯವನ ಬಳಿ ಇರುವುದೇ ವಾಡಿಕೆಯಾಯಿತು. ಜಪಾನಿನ ತೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ಅಂಗಡಿಯು ೨೦೧೪ರ ಫೆಬ್ರುವರಿಯಲ್ಲಿ ದಿವಾಳಿಯೆದ್ದಾಗ ಸುಮಾರು ೮,೫೦,೦೦೦ ಬಿಟ್‌ಕಾಯಿನ್ನುಗಳು ಕಾಣೆಯಾಗಿವೆಯೆಂದು ಹೇಳಿತು. ಅವುಗಳಲ್ಲಿ ಸುಮಾರು ೨,೦೦,೦೦೦ ಮಾತ್ರ ಆಮೇಲೆ ಸಿಕ್ಕುವು. ಕೆಟ್ಟುದು ಆ ಅಂಗಡಿಯೇ ಹೊರತು ಲೆಕ್ಕದ ಪುಸ್ತಕವಲ್ಲ. ಯಾವ ಮಧ್ಯಸ್ಥನನ್ನು ನಂಬಬೇಕಾಗಿಲ್ಲವೆಂದು ನಾಣ್ಯವನ್ನು ಕಲ್ಪಿಸಿದ್ದರೋ, ಅದನ್ನು ಕೊಂಡವರು ಅಂಥದೇ ಮಧ್ಯಸ್ಥನ ಬಾಗಿಲಲ್ಲಿ ನಿಂತರು. ಹಾಗೆಂದು ಸಂಖ್ಯೆಯನ್ನು ತಾನೇ ಇಟ್ಟುಕೊಂಡವನೂ ನಿಶ್ಚಿಂತನಲ್ಲ. ಅದನ್ನು ಕಳೆದುಕೊಂಡರೆ ಮರಳಿ ಕೊಡಿಸುವ ಧರ್ಮಾಧಿಕರಣವು ಲೋಕದಲ್ಲಿಲ್ಲ.

ಇನ್ನು ರಾಜಶಾಸನದ ವಿಚಾರ. ದ್ಯೂತದ ವಿಷಯದಲ್ಲಿ ಸ್ಮೃತಿಕಾರರಲ್ಲಿ ಎರಡು ಪಕ್ಷಗಳಿದ್ದುದು ಪ್ರಸಿದ್ಧ. ಮನುವು ದ್ಯೂತವನ್ನೂ ಪ್ರಾಣಿಗಳ ಮೇಲೆ ಪಣವೊಡ್ಡುವ ಸಮಾಹ್ವಯವನ್ನೂ ರಾಷ್ಟ್ರದಿಂದಲೇ ತೊಲಗಿಸಬೇಕೆನ್ನುತ್ತಾನೆ. ಕೌಟಿಲ್ಯ ಯಾಜ್ಞವಲ್ಕ್ಯರು ಅದನ್ನು ತೊಲಗಿಸದೆ ಒಂದೇ ಸ್ಥಾನದಲ್ಲಿ, ಒಬ್ಬನ ಮೇಲ್ವಿಚಾರಣೆಯಲ್ಲಿ ನಡೆಸಬೇಕೆನ್ನುತ್ತಾರೆ. ಗೆದ್ದವನಿಂದ ನೂರಕ್ಕೆ ೫ರಂತೆಯೋ ೧೦ರಂತೆಯೋ ಸಭಿಕನು ತೆಗೆದುಕೊಂಡು ರಾಜನ ಭಾಗವನ್ನು ಸಲ್ಲಿಸಬೇಕೆಂದು ಯಾಜ್ಞವಲ್ಕ್ಯನ ವಿಧಿ. ಹೀಗೆ ಏಕಮುಖವಾಗಿ ನಡೆಸುವುದಕ್ಕೆ ಅವನು ಕೊಡುವ ಕಾರಣವು ಗಮನಾರ್ಹ: ಕಳ್ಳರನ್ನು ತಿಳಿಯುವುದಕ್ಕಾಗಿ. ಕದ್ದ ಧನವು ಬೇಗನೆ ಬರುವ ಜಾಗವದು; ಅಲ್ಲಿ ಕಣ್ಣಿಟ್ಟರೆ ಕಳ್ಳನು ಸಿಕ್ಕುತ್ತಾನೆ. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ಎರಡು ಪಕ್ಷಗಳನ್ನು ಸಮನ್ವಯಗೊಳಿಸಿದ್ದಾನೆ. ಮನುವಿನ ನಿಷೇಧವು ಮೋಸದ ದಾಳದ ಆಟಕ್ಕೂ, ರಾಜನ ಅಧ್ಯಕ್ಷನೂ ಸಭಿಕನೂ ಇಲ್ಲದ ಆಟಕ್ಕೂ ಅನ್ವಯಿಸತಕ್ಕದ್ದೆಂದು ಅವನ ಅಭಿಪ್ರಾಯ.

ಇಂದಿನ ರಾಜ್ಯಗಳೂ ಈ ಎರಡು ದಾರಿಗಳನ್ನೇ ಹಿಡಿದಿವೆ. ಚೀನಾ ದೇಶವು ೨೦೨೧ರಲ್ಲಿ ಗಣಿಗಾರಿಕೆಯನ್ನೂ ವ್ಯಾಪಾರವನ್ನೂ ನಿಷೇಧಿಸಿ ಮನುವಿನ ಪಕ್ಷವನ್ನು ಅವಲಂಬಿಸಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇದನ್ನು ತನ್ನ ಅಧಿಕೃತ ಹಣವೆಂದೇ ಸ್ವೀಕರಿಸಿ, ೨೦೨೫ರ ಜನವರಿಯಲ್ಲಿ ವರ್ತಕರು ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ಭಾರತದಲ್ಲಿ ರಿಜರ್ವ್ ಬ್ಯಾಂಕು ೨೦೧೩ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟು, ೨೦೧೮ರ ಏಪ್ರಿಲ್ ೬ರಂದು, ಈ ನಾಣ್ಯಗಳಲ್ಲಿ ವ್ಯವಹರಿಸುವವರಿಗೆ ಬ್ಯಾಂಕುಗಳು ಸೇವೆ ಸಲ್ಲಿಸಕೂಡದೆಂದು ಆಜ್ಞಾಪಿಸಿತು. ನಾಣ್ಯವನ್ನು ನಿಷೇಧಿಸಲಿಲ್ಲ, ನಾಣ್ಯದಿಂದ ರೂಪಾಯಿಗೆ ಬರುವ ಸೇತುವೆಯನ್ನು ಮುರಿದಂತಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನೋಟುಗಳನ್ನು ಹಾಕಿ ಖಾತೆಗೆ ಜಮೆ ಮಾಡುವ ಯಂತ್ರವೊಂದನ್ನು ಇಟ್ಟಾಗ ಪೊಲೀಸರು ಅದನ್ನು ವಶಪಡಿಸಿಕೊಂಡರು. ೨೦೨೦ರ ಮಾರ್ಚ್ ೪ರಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಆ ಆಜ್ಞೆಯನ್ನು ರದ್ದುಗೊಳಿಸಿತು. ಬ್ಯಾಂಕಿಗೆ ಅಧಿಕಾರವಿಲ್ಲವೆಂಬುದು ಕಾರಣವಲ್ಲ. ನಿಷಿದ್ಧವಲ್ಲದ ವ್ಯಾಪಾರಕ್ಕೆ ಇಷ್ಟು ದೊಡ್ಡ ಪೆಟ್ಟು ಕೊಡಲು ತಕ್ಕಷ್ಟು ಹಾನಿಯನ್ನು ಅದು ತೋರಿಸಿಲ್ಲವೆಂಬುದು ಕಾರಣ.

೨೦೨೨ರ ಹಣಕಾಸು ಶಾಸನವು ಇದರ ಲಾಭದ ಮೇಲೆ ನೂರಕ್ಕೆ ೩೦ರಂತೆ ತೆರಿಗೆಯನ್ನೂ, ಅದೇ ಜುಲೈ ೧ರಿಂದ ಪ್ರತಿಯೊಂದು ವಿಕ್ರಯದ ಮೊಬಲಗಿನಲ್ಲಿ, ಶಾಸನವು ಬಿಟ್ಟಿರುವ ಚಿಕ್ಕ ಮೊತ್ತಗಳ ಹೊರತು, ನೂರಕ್ಕೆ ೧ರಂತೆ ಮುಂಗಡವಾಗಿ ಹಿಡಿಯುವುದನ್ನೂ ವಿಧಿಸಿತು. ಶಾಸನವು 'ಹಣ' ಶಬ್ದವನ್ನು ಎಚ್ಚರದಿಂದ ಬಿಟ್ಟು, 'ವರ್ಚುವಲ್ ಡಿಜಿಟಲ್ ಅಸೆಟ್' ಎಂದು, ಎಂದರೆ ಒಂದು ಬಗೆಯ ಸ್ವತ್ತೆಂದು, ಹೆಸರಿಟ್ಟಿತು. ಮೀಮಾಂಸಕರ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಕೌತುಕವುಂಟು. ಲಾಟರಿ, ಕುದುರೆಯ ಜೂಜು ಮೊದಲಾದವುಗಳ ಗೆಲವಿನ ಮೇಲಿನ ತೆರಿಗೆಯು ಆದಾಯ ತೆರಿಗೆಯ ೧೯೬೧ರ ಶಾಸನದಲ್ಲಿ ೧೧೫ಬಿಬಿ ಎಂಬ ವಿಧಿಯಲ್ಲಿತ್ತು. ದರವು ನೂರಕ್ಕೆ ೩೦. ಹೊಸ ವಿಧಿಯನ್ನು ಅದೇ ಸಾಲಿನಲ್ಲಿ ೧೧೫ಬಿಬಿಹೆಚ್ ಎಂದು, ಅದೇ ದರದಿಂದ, ಸೇರಿಸಿದರು. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳೆಂಬ ಆರು ಪ್ರಮಾಣಗಳಲ್ಲಿ ಸಮಾಖ್ಯೆ, ಎಂದರೆ ಹೆಸರು, ಎಲ್ಲಕ್ಕಿಂತ ದುರ್ಬಲ. ಸ್ಥಾನವು ಅದಕ್ಕಿಂತ ಬಲವುಳ್ಳದ್ದು. ಹೆಸರು ಸ್ವತ್ತೆನ್ನುತ್ತದೆ, ಸ್ಥಾನವು ಜೂಜೆನ್ನುತ್ತದೆ. ಆದರೆ ಅದೇ ಸಾಲಿನಲ್ಲಿ ಪೇಟೆಂಟುಗಳ ಆದಾಯವೇ ಮೊದಲಾದ ನಿರ್ದೋಷವಾದ ವಿಷಯಗಳೂ ಇದ್ದುದರಿಂದ ಸ್ಥಾನಪ್ರಮಾಣವನ್ನು ಇಲ್ಲಿ ಬಹಳವಾಗಿ ಎಳೆಯಲಾಗದು. ಹೆಚ್ಚು ಬಲವಾದ ಲಿಂಗವು ಬೇರೆಯಿದೆ: ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲವೆಂದು ವಿಧಿಸಿದ್ದಾರೆ. ವರ್ತಕನಿಗಾದರೆ ನಷ್ಟವೂ ಲೆಕ್ಕದ ಭಾಗವೇ. ಗೆದ್ದವನಿಂದ ಪಾಲು ತೆಗೆದುಕೊಂಡು ಸೋತವನನ್ನು ಕೇಳದೆ ಬಿಡುವುದು ಸಭಿಕನ ರೀತಿ.

ಗಣಿಗಾರಿಕೆಯಲ್ಲಿ ತೊಡಗಿದವನ ಸ್ಥಿತಿಯು ಇನ್ನೂ ಕಷ್ಟದ್ದು. ಗಣಿಗಾರಿಕೆಯ ಉಪಕರಣಾದಿಗಳ ವೆಚ್ಚವನ್ನು ನಾಣ್ಯದ ಕೊಂಡ ಬೆಲೆಯೆಂದು ಎಣಿಸತಕ್ಕದ್ದಲ್ಲವೆಂದು ಸರಕಾರವು ೨೦೨೨ರ ಮಾರ್ಚಿನಲ್ಲಿ ಪಾರ್ಲಿಮೆಂಟಿನಲ್ಲಿ ತಿಳಿಸಿತು. ಯಾವ ಶ್ರಮವು ಈ ನಾಣ್ಯಕ್ಕೆ ಪ್ರಮಾಣವೋ ಆ ಶ್ರಮಕ್ಕೆ ಲೆಕ್ಕದಲ್ಲಿ ಬೆಲೆಯಿಲ್ಲ. ಇದನ್ನು ನ್ಯಾಯವೆನ್ನುವುದು ಕಷ್ಟ. ಕೌಟಿಲ್ಯನು ಟಂಕಸಾಲೆಯಲ್ಲಿ ರೂಪಿಕ, ವ್ಯಾಜಿ, ಪಾರೀಕ್ಷಿಕಗಳನ್ನು ಬೇರೆಬೇರೆಯಾಗಿ ಎಣಿಸುತ್ತಿದ್ದನು.

೨೦೨೩ರ ಮಾರ್ಚ್ ೭ರ ಪ್ರಕಟಣೆಯಿಂದ ವಿನಿಮಯದ ಅಂಗಡಿಗಳು ಅಕ್ರಮಹಣದ ವರ್ಗಾವಣೆಯನ್ನು ತಡೆಯುವ ಶಾಸನದ ಕೆಳಗೆ ಬಂದುವು. ಗಿರಾಕಿಯು ಯಾರೆಂಬುದನ್ನು ಅವು ತಿಳಿದಿಟ್ಟುಕೊಳ್ಳಬೇಕು, ಸಂಶಯಾಸ್ಪದವಾದ ವ್ಯವಹಾರಗಳನ್ನು ಸರಕಾರಕ್ಕೆ ವರದಿಮಾಡಬೇಕು. ಯಾಜ್ಞವಲ್ಕ್ಯನ ತಸ್ಕರಜ್ಞಾನವೇ ಇದರ ಪ್ರಯೋಜನವೆಂಬುದು ಸ್ಪಷ್ಟ. ವಿಜ್ಞಾನೇಶ್ವರನ ಸಮನ್ವಯವನ್ನೇ ಈ ದೇಶವು, ಅವನ ಹೆಸರನ್ನೆತ್ತದೆ, ಅಂಗೀಕರಿಸಿದಂತಾಗಿದೆ. ಈ ವಿಧಿಯು ಇನ್ನೊಬ್ಬರ ಪರವಾಗಿ ವ್ಯಾಪಾರರೂಪದಲ್ಲಿ ವಿನಿಮಯ, ವರ್ಗಾವಣೆ, ರಕ್ಷಣೆ ಮೊದಲಾದವನ್ನು ನಡೆಸುವವರಿಗೆ ಅನ್ವಯಿಸತಕ್ಕದ್ದು. ರಾಜನ ಕೈಯು ಕೊಳ್ಳುವವನನ್ನೂ ಮಾರುವವನನ್ನೂ ಮುಟ್ಟುತ್ತದೆ. ಮಾಡಿದವನನ್ನು ಅವನು ಮಾರುವಾಗ ಮುಟ್ಟುತ್ತದೆ. ನಾಲ್ಕನೆಯವನೊಬ್ಬನು ಹೊರಗುಳಿದಿದ್ದಾನೆ. ೨೦೦೯ರ ಮೊದಲ ಪುಟದಿಂದ ಇಂದಿನವರೆಗಿನ ಲೆಕ್ಕವನ್ನೆಲ್ಲ ಮನೆಯ ಒಂದು ಚಿಕ್ಕ ಗಣಕಯಂತ್ರದಲ್ಲಿ ಇಳಿಸಿಕೊಂಡು, ಹತ್ತು ನಿಮಿಷಕ್ಕೊಮ್ಮೆ ಬರುವ ಹೊಸ ಪುಟವನ್ನು ತಾನೇ ತಾಳೆನೋಡುವ ಹವ್ಯಾಸಿಗೆ ಯಾರೂ ನಾಣ್ಯ ಕೊಡುವುದಿಲ್ಲ. ಅವನದು ಪಾರೀಕ್ಷಿಕವಿಲ್ಲದ ಪರೀಕ್ಷೆ. ಲಾಭವಿಲ್ಲದುದರಿಂದ ಅವನಿಗೆ ತೆರಿಗೆಯೂ ಇಲ್ಲ, ಒಡ್ಡುವುದಿಲ್ಲವಾದುದರಿಂದ ಅವನದು ಪಣವೂ ಅಲ್ಲ. ರೂಪದರ್ಶಕನ ಪೀಠದಲ್ಲಿ ಈಗ ಕುಳಿತಿರುವವನು ಅವನೇ.